ಎರವಲು ಹೋದ ಐದನೇ ತರಗತಿ

ಹೆಡ್‌ಮಾಷ್ಟ್ರು ಆ ಮಾತನ್ನು ಶಾವಿಗೆಯ ಬಟ್ಟಲಿನ ಮೇಲೆ ಬಗ್ಗಿಕೊಂಡೇ ಹೇಳಿಬಿಟ್ಟರು. ಮುಖ ಎತ್ತಿ ಹೇಳುವ ಧೈರ್ಯ ಅವರಿಗೂ ಇರಲಿಲ್ಲ ಅಂತ ಕಾಣುತ್ತದೆ.

"ರುವಾನ್ ಟೀಚರ್, ನಗರದ ಪ್ರದರ್ಶನ ಪಾಠಕ್ಕೆ ಈ ಸಲ ಶು ನಿಂಗ್ ಹೋಗ್ಲಿ. ಚಿಕ್ಕ ವಯಸ್ಸು, ಹುರುಪಿದೆ. ಮಕ್ಕಳು ಮಾತ್ರ ನಿಮ್ಮ ಐದನೇ ತರಗತಿಯವ್ರೇ ಇರ್ಲಿ. ಅಷ್ಟು ಪಳಗಿದ ಮಕ್ಳು ಇನ್ಯಾರ ಹತ್ರ ಇದಾರೆ ಹೇಳಿ? ಎರವಲು ಅಷ್ಟೇ. ನಲವತ್ತು ನಿಮಿಷ."

ರುವಾನ್ ಗ್ವೀಜನ್ ಚಾಪ್‌ಸ್ಟಿಕ್ ಕೆಳಗಿಟ್ಟಳು. ಶಾಲೆಯ ಊಟದ ಹಾಲ್‌ನಲ್ಲಿ ಆರುನೂರು ಮಕ್ಕಳ ಗದ್ದಲ. ಅದರ ನಡುವೆ ಅವಳು "ಆಗ್ಲಿ ಸರ್" ಅಂದದ್ದು ಅವಳಿಗೇ ಕೇಳಿಸಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಮಾತ್ರ ಚೆನ್ನಾಗಿ ಗೊತ್ತಾಯಿತು. ಶಾವಿಗೆಗೆ ಹಾಕಿದ್ದ ಮೆಣಸಿನಕಾಯಿಯ ಬೆಂಕಿ ಅಲ್ಲ ಅದು. ಖಾರಕ್ಕೆ ಹೆಸರಾದ ಹುನಾನ್ ಪ್ರಾಂತ್ಯದಲ್ಲಿ ಹುಟ್ಟಿದವಳಿಗೆ ಮೆಣಸಿನಕಾಯಿ ಯಾವ ಲೆಕ್ಕ!

ಪ್ರದರ್ಶನ ಪಾಠ ಎಂದರೆ ಸುಮ್ಮನೆ ಅಲ್ಲ. ವೇದಿಕೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ಅವರು ಎಂದೂ ಕೇಳಿರದ ಒಂದು ಹಾಡನ್ನು ನಲವತ್ತು ನಿಮಿಷದಲ್ಲಿ ಕಲಿಸಬೇಕು. ಕೆಳಗೆ ಐದು ಜನ ತೀರ್ಪುಗಾರರು, ಇನ್ನೂರು ಜನ ಶಿಕ್ಷಕರು. ಗೆದ್ದವರಿಗೆ ಒಂದು ಕೆಂಪು ಪ್ರಮಾಣಪತ್ರ. ಆ ಪತ್ರವಿಲ್ಲದೆ ಯಾರನ್ನೂ 'ಹಿರಿಯ ಶಿಕ್ಷಕಿ' ಎಂದು ಏರಿಸುವುದಿಲ್ಲ. ರುವಾನ್ ಹನ್ನೊಂದು ವರ್ಷದಿಂದ ಅದಕ್ಕಾಗಿ ಕಾದವಳು. ಒಂದು ವರ್ಷ ಗಂಟಲು ಕಟ್ಟಿತು, ಒಂದು ವರ್ಷ ಹಿಂದಿನ ಹೆಡ್‌ಮಾಷ್ಟ್ರ ತಮ್ಮನ ಹೆಂಡತಿ ಅಡ್ಡ ಬಂದಳು, ಎರಡು ವರ್ಷ ಸ್ಪರ್ಧೆಯೇ ನಡೆಯಲಿಲ್ಲ. ಈಗ ನಲವತ್ತೊಂಬತ್ತು ತುಂಬಿದೆ. ಇನ್ನು ಈ ಬಾಗಿಲು ತೆರೆಯುವುದಿಲ್ಲ. ಅದೂ ಹೋಗಲಿ ಎಂದರೆ, ಅವಳೇ ಎರಡು ವರ್ಷ ಕೂರಿಸಿ, ಏಳಿಸಿ, ಉಸಿರು ಹಿಡಿಯುವುದನ್ನು ಕಲಿಸಿದ ಮಕ್ಕಳನ್ನೇ ಮುಂದಿಟ್ಟುಕೊಂಡು ಇನ್ನೊಬ್ಬಳು ಮೆರೆಯಬೇಕಂತೆ. ಉಂಡೆ ಕಟ್ಟಿದವಳು ಒಬ್ಬಳು, ಹಂಚಿ ಹೆಸರು ತಗೊಂಡವಳು ಇನ್ನೊಬ್ಬಳು.

ಶು ನಿಂಗ್ ಬಂದು ಒಂದು ವರ್ಷವಾಗಿರಲಿಲ್ಲ. ಇಪ್ಪತ್ನಾಲ್ಕರ ಹುಡುಗಿ. ರಾಜಧಾನಿಯ ಸಂಗೀತ ಕಾಲೇಜು. ಅವಳು ಕಾರಿಡಾರಿನಲ್ಲಿ ನಡೆದರೆ ಹಿಂದೆ ಮುಂದೆ ಮಕ್ಕಳು. ಚಪ್ಪಾಳೆ, ತೊಡೆ, ಬೆಂಚು ಎಲ್ಲ ಬಡಿದು ತಾಳ ಕಲಿಸುತ್ತಾಳೆ, ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಾಳೆ, ಪುಟಾಣಿ ಗಿಟಾರು ನುಡಿಸುತ್ತಾಳೆ. ಇಪ್ಪತ್ತಾರು ವರ್ಷದಿಂದ ಅದೇ ಹಳೇ ಕಾಲು ಹಾರ್ಮೋನಿಯಂ ತುಳಿದ ರುವಾನ್‌ಳಿಗೆ ಇದನ್ನೆಲ್ಲ ನೋಡಿ ಕಣ್ಣು ಉರಿಯುತ್ತಿತ್ತು. ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟು ಸುಖವಿತ್ತು! ಬೈದುಕೊಂಡು ಹಗುರಾಗಬಹುದಿತ್ತು. ಆದರೆ ಅವಳು ದಿನಾ ಬೆಳಿಗ್ಗೆ ರುವಾನ್‌ಳ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಡುತ್ತಿದ್ದಳು. ಅದಕ್ಕೂ ರುವಾನ್‌ಳಿಗೆ ಸಿಟ್ಟು.

ಸೋಮವಾರ ಹಾಡು ಗೊತ್ತಾಯಿತು. ಚೀಟಿ ಎತ್ತಿದಾಗ ಶು ನಿಂಗ್‌ಗೆ ಬಂದದ್ದು ಊರಿನ ನದಿಯ ತೆಪ್ಪದವರ ಹಾಡು. ಅವಳು ತನ್ನ ಪಾಠದ ಯೋಜನೆಯನ್ನು ತೆಗೆದುಕೊಂಡು ನೇರ ರುವಾನ್‌ಳ ಮೇಜಿಗೇ ಬಂದಳು. ಎಂಥ ಪೆದ್ದು ನೋಡಿ.

"ಅಕ್ಕ, ಇಲ್ನೋಡಿ. ಮೂರನೇ ಸಾಲು. ಐದರಿಂದ ಒಂದೇ ಏಟಿಗೆ ಮೇಲಿನ ಎರಡಕ್ಕೆ ಹಾರ್ಬೇಕು. ಮಕ್ಳು ಇಲ್ಲಿ ಎಡವ್ತಾರೆ ಅಲ್ವಾ?"

ಶಾಲೆಯ ಹಾಡಿನ ಪುಸ್ತಕದಲ್ಲಿ ಸ್ವರಗಳನ್ನು ಅಂಕಿಯಲ್ಲೇ ಬರೆಯುತ್ತಾರೆ. ಒಂದು ಎಂದರೆ ದೊ, ಎರಡು ಎಂದರೆ ರೆ. ಅಂಕಿಯ ತಲೆಯ ಮೇಲೆ ಚುಕ್ಕೆ ಇದ್ದರೆ ಮೇಲಿನ ಸ್ಥಾಯಿ. ಆ ಚುಕ್ಕೆಯ ಎರಡನ್ನು ರುವಾನ್ ನೋಡಿದಳು.

"ಎಡವ್ತಾರೆ. ಎರಡು ಮುಟ್ಟೋಕ್ ಮುಂಚೇನೇ ಬಿದ್ಬಿಡ್ತಾರೆ" ಅಂದಳು.

"ಅದೇ ನನ್ ಪಾಠ! ಎಡವಿದ್ಮೇಲೆ ಹೇಗೆ ಎಬ್ಬಿಸ್ತೀನಿ ಅನ್ನೋದೇ. ಇಪ್ಪತ್ತು ನಿಮಿಷ ಪೂರ್ತಿ ಅದಕ್ಕೇ ಇಟ್ಟಿದೀನಿ. ಅಲ್ಲಿ ಗೆದ್ರೆ ಗೆದ್ದ ಹಾಗೆ ಅಕ್ಕ."

ಆಗಲೇ ರುವಾನ್‌ಳ ತಲೆಗೆ ಅದು ಹೊಳೆದದ್ದು. ಮಕ್ಕಳು ಎಡವದೇ ಹೋದರೆ? ಮೊದಲ ಸಲಕ್ಕೇ ಸಲೀಸಾಗಿ ಹಾರಿಬಿಟ್ಟರೆ? ಪಾಠದ ಹೊಟ್ಟೆಯೇ ಖಾಲಿ. ಇಪ್ಪತ್ತು ನಿಮಿಷ ಏನು ಮಾಡುತ್ತಾಳೆ, ಗಿಟಾರು ತಬ್ಬಿಕೊಂಡು ನಿಲ್ಲುತ್ತಾಳಾ? ಮೇಲಾಗಿ, ಹಾಡನ್ನು ಮೊದಲೇ ಕಲಿಸಿ ಕರೆತಂದಿದ್ದಾರೆ ಎಂದು ತೀರ್ಪುಗಾರರು ಮೂಗು ಮುರಿಯುತ್ತಾರೆ. ಆ ಸ್ಪರ್ಧೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಹೊಡೆಯಬೇಕಿಲ್ಲ, ಬಡಿಯಬೇಕಿಲ್ಲ. ಚೆನ್ನಾಗಿ ಪಾಠ ಮಾಡಿದರೆ ಸಾಕು.

ಸಂಗೀತದ ಪೀರಿಯಡ್ ಇದ್ದದ್ದು ಬುಧವಾರ. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಕ್ಲಾಸ್ ಟೀಚರ್ ಗೆಂಗ್ ಮೇಷ್ಟ್ರು ಗಣಿತದ ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದು ಒಳಗೆ ನಿಂತಾಗಿತ್ತು. ಎಂದಿನ ಮಾತನ್ನೇ ಹೇಳುತ್ತಿದ್ದರು: "ಮಕ್ಳೇ, ಇವತ್ತು ಸಂಗೀತದ ಟೀಚರ್‌ಗೆ ಹುಷಾರಿಲ್ಲ. ಪುಸ್ತಕ ತೆಗೀರಿ."

ಪರೀಕ್ಷೆ ಹತ್ತಿರ ಬಂದಾಗಲೆಲ್ಲ ರುವಾನ್‌ಳಿಗೆ ಹುಷಾರು ತಪ್ಪುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಗಣಿತದವರು, ಭಾಷೆಯವರು, ಇಂಗ್ಲಿಷಿನವರು ಎಲ್ಲರೂ ಅವಳಿಗೆ ಜ್ವರ ಬರಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳೂ ಒಂದು ಕಪ್ ಸೇವಂತಿಗೆ ಚಹಾ ಕುಡಿದುಕೊಂಡು ಸ್ಟಾಫ್ ರೂಮಿನಲ್ಲಿ ಕೂತುಬಿಡುತ್ತಿದ್ದಳು. ನಿಜ ಹೇಳಬೇಕೆಂದರೆ ಒಂದೊಂದು ಸಲ ಹಾಯೆನಿಸುತ್ತಿತ್ತು ಕೂಡ.

"ನಾನು ಗಟ್ಟಿಮುಟ್ಟಾಗಿದೀನಿ ಮೇಷ್ಟ್ರೇ. ನನ್ ಕ್ಲಾಸು ನಂಗೆ ಬಿಡಿ" ಅಂದಳು ಬಾಗಿಲಲ್ಲಿ ನಿಂತು.

ಗೆಂಗ್ ಮೇಷ್ಟ್ರು ಕನ್ನಡಕ ಮೇಲೇರಿಸಿ ನೋಡಿದರು. "ಏನ್ ಟೀಚರ್ ಇದು, ತಿಂಗಳ ಪರೀಕ್ಷೆ ಇದೆ, ಪದ ಹಾಡ್ತಾ ಕೂತ್ರೆ ಅಂಕ ಬರತ್ತಾ?"

"ಜ್ವರ ಬರೋದಿದ್ರೆ ಇವತ್ತು ನಿಮಗೆ ಬರ್ಲಿ."

ನಲವತ್ತೆರಡು ಮಕ್ಕಳು ಮೊದಲು ಬಾಯಿಬಿಟ್ಟು ನೋಡಿದರು, ಆಮೇಲೆ ಬೆಂಚು ಬಡಿದು ಕಿರುಚಿದರು. ಗೆಂಗ್ ಮೇಷ್ಟ್ರು ಕಟ್ಟು ಎತ್ತಿಕೊಂಡು ಗೊಣಗುತ್ತ ಹೋದರು.

ಹಾರ್ಮೋನಿಯಂ ಮೇಲೆ ಎಷ್ಟು ಸಲ ತೋರಿಸಿದರೂ ಮಕ್ಕಳು ಆ ಹಾರುವಿಕೆಯಲ್ಲಿ ಮುಗ್ಗರಿಸುತ್ತಲೇ ಇದ್ದರು. ಒಬ್ಬ ಒಂದರ ಮೇಲೆ ಬಿದ್ದರೆ ಇನ್ನೊಬ್ಬ ಏಳರ ಮೇಲೆ, ಮತ್ತೊಬ್ಬ ಎಲ್ಲಿಯೂ ಬೀಳದೆ ಗಾಳಿಯಲ್ಲಿ. ಚೆಲ್ಲಿದ ಹುರಳಿಕಾಳಿನ ಹಾಗೆ ಸ್ವರಗಳು ಕ್ಲಾಸಿನ ತುಂಬ. ರುವಾನ್‌ಳಿಗೆ ಹಟ ಹತ್ತಿತು. ಈ ಹಾಡು ಇವರಿಗೆ ಬರಲೇಬೇಕು, ಶನಿವಾರ ಆ ಹುಡುಗಿ ಬೆವರಲೇಬೇಕು. ಎಲ್ಲರನ್ನೂ ಮೈದಾನಕ್ಕೆ ಇಳಿಸಿ ಗೋಡೆಗೆ ಸಾಲಾಗಿ ನಿಲ್ಲಿಸಿದಳು. ತಾನು ಅತ್ತ ತುದಿಗೆ, ಧ್ವಜಸ್ತಂಭದಾಚೆ, ನಡೆದುಹೋದಳು.

"ಇದು ಹೊಳೆ! ನೀವು ಆ ದಡ, ನಾನು ಈ ದಡ. ತೆಪ್ಪ ಬೇಕು ನಿಮಗೆ. ಕರೀರಿ ನನ್ನ!"

ಟೀಚರನ್ನು ಹೆಸರು ಹಿಡಿದು ಕೂಗುವುದುಂಟೇ? ಮಕ್ಕಳು ಮುಸಿಮುಸಿ ನಕ್ಕರು, ಒಬ್ಬರನ್ನೊಬ್ಬರು ತಳ್ಳಿದರು. ಕೊನೆಗೆ ಕ್ಲಾಸ್ ಲೀಡರ್ ಯಾತಿಂಗ್, ಎರಡು ಜಡೆಯ ಗಂಭೀರ ಹುಡುಗಿ, ಕೈ ಬಾಯಿಗಿಟ್ಟು ಕೂಗಿದಳು, "ರುವಾ...ನ್!"

"ಕೇಳ್ಸಿಲ್ಲ! ಹೊಳೆ ದೊಡ್ಡದು!"

ದೂರದವರನ್ನು ಕರೆಯುವಾಗ ದನಿ ತಾನಾಗಿ ಹಾರುತ್ತದೆ. ಯಾರೂ ಕಲಿಸಬೇಕಿಲ್ಲ. ನಾಲ್ಕನೇ ಕೂಗಿಗೆ ಅದು ಬಂತು. ನಲವತ್ತೆರಡು ಗಂಟಲು ಐದರಿಂದ ಚಿಮ್ಮಿ, ಚುಕ್ಕೆಯ ಎರಡರ ಮೇಲೆ ನಿಂತು, ಅಲ್ಲೇ ತೇಲಿತು. ಮಕ್ಕಳಿಗೂ ಗೊತ್ತಾಯಿತು. ಅವರ ಮುಖ ನೋಡಬೇಕಿತ್ತು! ತಾವೇ ಮಾಡಿದ್ದನ್ನು ತಾವೇ ನಂಬದ ಹಾಗೆ ಕಣ್ಣು ಅರಳಿಸಿ ನಿಂತಿದ್ದರು. ರುವಾನ್‌ಳ ಮೈಯೆಲ್ಲ ಜುಂ ಎಂದಿತು. ತಾನು ಯಾಕೆ ಅಲ್ಲಿ ನಿಂತಿದ್ದೇನೆ ಎಂಬುದೇ ಒಂದು ಗಳಿಗೆ ಅವಳಿಗೆ ಮರೆತುಹೋಯಿತು.

ಗಂಟೆ ಹೊಡೆದಾಗ ನೆನಪಾಯಿತು. "ಈ ಹಾಡು ನಾನು ಕಲಿಸ್ದೆ ಅಂತ ಯಾರ್ಗೂ ಹೇಳ್ಬೇಡಿ. ಶು ಟೀಚರ್‌ಗಂತೂ ಬೇಡ್ವೇ ಬೇಡ" ಎಂದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಹಳ ಗಂಭೀರವಾಗಿ ತಲೆಯಾಡಿಸಿದರು.

ಶನಿವಾರ ನಗರದ ಸಭಾಂಗಣ. ಮಕ್ಕಳ ಕೊರಳಲ್ಲಿ ಇಸ್ತ್ರಿ ಮಾಡಿದ ಕೆಂಪು ಸ್ಕಾರ್ಫು. ರುವಾನ್ ಮೂರನೇ ಸಾಲಿನಲ್ಲಿ ಕೂತಳು. ತನ್ನ ಮಕ್ಕಳು ಬೇರೆಯವಳ ಕೈಸನ್ನೆಗೆ ಎದ್ದು ನಿಂತರು. ಆಗಲಿ, ಇನ್ನು ಹತ್ತು ನಿಮಿಷ, ಎಂದು ಹಲ್ಲು ಕಚ್ಚಿದಳು.

ಮೊದಲ ಎರಡು ಸಾಲು ಆಯಿತು. ಮೂರನೇ ಸಾಲು ಬಂತು. ಮಕ್ಕಳು ಹಾರಿದರು, ಒಂದರ ಮೇಲೆ ಬಿದ್ದರು.

ರುವಾನ್ ಬೆಚ್ಚಿದಳು. ಮರೆತರೇ? ಭಯವೇ? ವೇದಿಕೆಯ ಮೇಲೆ ಶು ನಿಂಗ್‌ಳ ಮುಖ ಬೆಳಗಿತು, ಅವಳಿಗೆ ಬೇಕಾದದ್ದೇ ಅದು. ಎರಡನೇ ಸಲ, ಮತ್ತೆ ಒಂದರ ಮೇಲೆ. ಆಗ ರುವಾನ್‌ಳ ಕಿವಿ ಅದನ್ನು ಹಿಡಿಯಿತು. ನಿಜವಾಗಿ ಎಡವುವ ಮಕ್ಕಳು ಹೀಗೆ ಎಡವುವುದಿಲ್ಲ. ಒಬ್ಬ ಅಲ್ಲಿ, ಒಬ್ಬ ಇಲ್ಲಿ ಬೀಳುತ್ತಾನೆ. ಇಲ್ಲಿ ನಲವತ್ತೆರಡು ಜನ ಒಂದೇ ಗಂಟಲಿನಲ್ಲಿ, ಒಂದೇ ಸ್ವರದ ಮೇಲೆ, ಅಚ್ಚುಕಟ್ಟಾಗಿ ಬಿದ್ದಿದ್ದರು.

ಅಯ್ಯೋ ದೇವರೇ, ಎಂದುಕೊಂಡಳು. ನಾಟಕ ಆಡುತ್ತಿವೆ!

ಆಡುವುದನ್ನು ಕಲಿಸಿದ್ದು ಯಾರು? ಅವಳೇ. ಮೇಲಿನವರು ಶಾಲೆಗೆ ತಪಾಸಣೆಗೆ ಬಂದಾಗಲೆಲ್ಲ ಇದೇ ಮಕ್ಕಳಿಗೆ ಅವಳು ಹೇಳಿಕೊಟ್ಟಿದ್ದಳು: ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ, ಒಟ್ಟಿನಲ್ಲಿ ಎಲ್ಲರ ಕೈಯೂ ಮೇಲಿರಲಿ. ಹಾಡು ಬರುತ್ತಿದ್ದರೂ ಈಗಷ್ಟೇ ಕೇಳಿದ ಹಾಗೆ ಕಣ್ಣರಳಿಸಿ. ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಅವಳಿಗೆ ಅದೊಂದೂ ನೆನಪಾಗಿರಲಿಲ್ಲ.

ಶು ನಿಂಗ್ ಬೆಂಚು ಬಡಿದಳು, ಕೈಯನ್ನು ಮೆಟ್ಟಿಲ ಹಾಗೆ ಏರಿಸಿದಳು, ಮಕ್ಕಳನ್ನು ತುದಿಗಾಲಲ್ಲಿ ನಿಲ್ಲಿಸಿದಳು. ಮೂರನೇ ಸಲ ಅರ್ಧ ಜನ ಮುಟ್ಟಿದರು. ನಾಲ್ಕನೇ ಸಲ ಎಲ್ಲರೂ. ತೀರ್ಪುಗಾರರಲ್ಲಿ ಒಬ್ಬ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಕ್ಕಳು ಕಣ್ಣರಳಿಸಿ ನಿಂತರು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಫಲಿತಾಂಶಕ್ಕೆ ಕಾಯುವ ಅಗತ್ಯವೇ ಇರಲಿಲ್ಲ.

ಹೊರಗೆ ಬಸ್ಸಿನ ಹತ್ತಿರ ಯಾತಿಂಗ್ ಓಡಿಬಂದಳು. "ಟೀಚರ್, ಸರಿಯಾಗ್ ಬಂತಾ? ಮೂರು ಸಲ ಎಡವ್ಬೇಕು ಅಂತ ನಾನೇ ಎಲ್ರಿಗೂ ಹೇಳಿದ್ದೆ. ಒಂದೇ ಸಲಕ್ಕೆ ಬಂದ್ರೆ ಯಾರೂ ನಂಬಲ್ಲ ಅಲ್ವಾ?"

ರುವಾನ್ ಅವಳತ್ತ ಬಗ್ಗಿದಳು. "ಯಾಕ್ ಹಾಗ್ ಮಾಡಿದ್ರಿ?"

"ನೀವೇ ಅಲ್ವಾ ಟೀಚರ್... ಶು ಟೀಚರ್‌ಗೆ ಸುಲಭ ಆಗ್ಲಿ ಅಂತ ತಾನೇ ನೀವು ಗುಟ್ಟಾಗಿ ಕಲಿಸಿದ್ದು?" ಹುಡುಗಿಯ ಮುಖದಲ್ಲಿ ಗಾಬರಿ ಮೂಡಿತು. "ತಪ್ಪಾಯ್ತಾ?"

ಅವಳ ಮಕ್ಕಳು ಅವಳ ಮಕ್ಕಳೇ ಆಗಿದ್ದರು. ಅವಳ ಮಾತನ್ನು ಒಂದಕ್ಷರ ಬಿಡದೆ ನಡೆಸಿದ್ದರು. ಹಾಗಾಗಿಯೇ ಅವಳು ಸೋತಿದ್ದಳು.

"ಇಲ್ಲ ಮಗಾ. ಚೆನ್ನಾಗಿ ಮಾಡಿದ್ರಿ" ಅಂದಳು.

"ಆದ್ರೆ ಸುಳ್ ಸುಳ್ಳೇ ಎಡವೋದು ಕಷ್ಟ ಟೀಚರ್. ಅವತ್ತು ಮೈದಾನದಲ್ಲಿ ನಿಜವಾಗ್ಲೂ ಎಡವಿದ್ವಲ್ಲ, ಅದೇ ಚೆನ್ನಾಗಿತ್ತು" ಎಂದು ಹೇಳಿ ಹುಡುಗಿ ಕಿಟಕಿಯ ಸೀಟು ಹಿಡಿಯಲು ಬಸ್ಸಿಗೆ ಓಡಿದಳು.

ಶು ನಿಂಗ್ ಹೂವಿನ ಗೊಂಚಲು, ಕೆಂಪು ಪ್ರಮಾಣಪತ್ರ ಎರಡನ್ನೂ ಎದೆಗೆ ಅವುಚಿಕೊಂಡು ಬಂದಳು. ಅತ್ತು ಕಣ್ಣ ಕಾಡಿಗೆ ಕರಗಿತ್ತು. ರುವಾನ್‌ಳಿಗೆ ಮೊದಲು ಕಂಡದ್ದು ಆ ಪತ್ರವೇ. ಒಂದು ಮಾತು ಸಾಕು. 'ಅದೆಲ್ಲ ನಾಟಕ ಕಣೇ, ನಾನು ಬುಧವಾರವೇ ಕಲಿಸಿಬಿಟ್ಟಿದ್ದೆ.' ನಾಲಗೆಯ ತುದಿಗೆ ಬಂದು ಕೂತಿತ್ತು. ಆಡಿದರೆ ಈ ಹುಡುಗಿ ಇನ್ನು ಜೀವಮಾನವಿಡೀ ಆ ಪತ್ರವನ್ನು ಗೋಡೆಗೆ ತೂಗುಹಾಕಲಾರಳು. ಆದರೆ ಬಸ್ಸಿನ ಕಿಟಕಿಗಳಲ್ಲಿ ನಲವತ್ತೆರಡು ಮುಖಗಳಿದ್ದವು, ಒಳ್ಳೆಯ ಕೆಲಸ ಮಾಡಿದ್ದೇವೆ ಎಂದು ನಗುತ್ತಿದ್ದವು.

"ಅಕ್ಕ, ನೋಡಿದ್ರಾ?" ಶು ನಿಂಗ್ ಅವಳ ತೋಳು ಹಿಡಿದುಕೊಂಡಳು. "ನಾಲ್ಕನೇ ಸಲ ಆ ಸ್ವರ ಬಂತಲ್ಲ, ಆಗ ಮಕ್ಳ ಮುಖ ನೋಡಿದ್ರಾ? ಪ್ರಶಸ್ತಿ ಹಾಳಾಗ್ಲಿ ಅಕ್ಕ, ಅದೊಂದ್ ಮುಖ ನೋಡೋಕೇ ನಾನು ಟೀಚರ್ ಆಗಿದ್ದು ಅನ್ನಿಸ್ತು. ನಿಮಗೂ ಎಷ್ಟೋ ಸಲ ಹಾಗಾಗಿರ್ಬೇಕು ಅಲ್ವಾ, ಇಷ್ಟು ವರ್ಷದಲ್ಲಿ?"

ಆ ಮುಖವನ್ನು ನಿಜವಾಗಿ ನೋಡಿದವಳು ಲೋಕದಲ್ಲಿ ಒಬ್ಬಳೇ ಇದ್ದಳು. ಧ್ವಜಸ್ತಂಭದಾಚೆ ನಿಂತು, ಇವಳನ್ನು ಕೆಡವಬೇಕು ಎಂದುಕೊಂಡೇ ನೋಡಿದ್ದಳು. ಅದನ್ನು ಹೇಳಿಕೊಳ್ಳುವ ಹಾಗೂ ಇಲ್ಲ.

"ಒಂದ್ಸಲ ಆಗಿತ್ತು" ಅಂದಳು ರುವಾನ್.

"ಯಾವಾಗ ಅಕ್ಕ?"

"ಮೊದ್ಲು ಬಸ್ ಹತ್ತು. ಮಕ್ಳಿಗೆ ಹಸಿವಾಗಿರತ್ತೆ."