ಒಲೆಬಾಯಿಯ ಅಕ್ಕ

ಆಲೆಮನೆಗೆ ಸೌದೆ ತರಿಸಿದರೆ ಟನ್ನಿಗೆ ನಾಲ್ಕು ಸಾವಿರ, ಹಳೇ ಟೈರಿನ ಚೂರಾದರೆ ಅದರ ಅರ್ಧ. ಅದಕ್ಕೇ ಮದ್ದೂರಿನ ಹೊರಗಿನ ಆ ಆಲೆಮನೆಯ ಯಜಮಾನ ಕಬ್ಬಿನ ಸಿಪ್ಪೆ ಸಾಲದಾಗೆಲ್ಲ ಟೈರು ಉರಿಸುತ್ತಿದ್ದ. ಉಳಿದ ದುಡ್ಡು ಅವನಿಗೆ, ಹೊಗೆ ಮರಿತಾಯಮ್ಮನಿಗೆ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷದಿಂದ ಒಲೆಬಾಯಿಗೆ ಉರುವಲು ತಳ್ಳುವುದು ಅವಳ ಕೆಲಸ. ಪಕ್ಕದ ಶೆಡ್ಡಿನಲ್ಲೇ ವಾಸ, ಮಕ್ಕಳಿಲ್ಲ.

ಅವಳಿ ತಂಗಿ ಮಲ್ಲಿಗಮ್ಮ ಶಿವನಸಮುದ್ರದಲ್ಲಿದ್ದಳು. ವರ್ಷಕ್ಕೊಮ್ಮೆ ಫೋನು ಮಾಡಿದರೆ ಹೆಚ್ಚು. ಮಂಡಿನೋವಿಗೆಂದು ವರ್ಷಗಟ್ಟಲೆ ಮಾತ್ರೆ ನುಂಗಿ ಈಗ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಒಂದೇ ಮುಖ ಹೊತ್ತು ಹುಟ್ಟಿದ ಅಕ್ಕನ ಕಿಡ್ನಿಯಷ್ಟು ಹೊಂದುವುದು ಇನ್ನೊಂದಿಲ್ಲ ಎಂದು ಯಾರೋ ಹೇಳಿದ್ದೇ, ಶೆಡ್ಡಿನ ಬಾಗಿಲಿಗೆ ಬಂದಳು.

"ಕೊಟ್ಟ ಮ್ಯಾಲೆ ನಮ್ಮನೇಲೇ ಇದ್ಬುಡಕ್ಕ. ನಾನೇ ನೋಡ್ಕತೀನಿ."

ಕಿಡ್ನಿ ಹೋಗುವ ಭಯಕ್ಕಿಂತ ಈ ಮಾತೇ ಮರಿತಾಯಮ್ಮನಿಗೆ ದೊಡ್ಡದಾಯಿತು. ಇದ್ದ ಸೀರೆಗಳನ್ನೆಲ್ಲ ಗಂಟು ಕಟ್ಟಿಕೊಂಡೇ ತಂಗಿಯ ಜೊತೆ ಮಂಡ್ಯದ ಆಸ್ಪತ್ರೆಗೆ ಹೋದಳು.

"ಮಗಳಿಗೆ ಕೊಡ್ತಿದ್ದೀರಾ ಅಜ್ಜಿ?" ನರ್ಸು ಕೇಳಿದಳು.

ಮಲ್ಲಿಗಮ್ಮ ಕಿಸಕ್ಕನೆ ನಕ್ಕಳು. "ನೋಡಕ್ಕ, ನಿನ್ನ ನಮ್ಮವ್ವನ್ನೇ ಮಾಡ್ಬುಟ್ಳು!"

"ಅಂಗಾರೆ ಕಾಲಿಗೆ ಬೀಳೇ," ಎಂದಳು ಮರಿತಾಯಮ್ಮ, ಕೆಮ್ಮುತ್ತಲೇ.

ಪರೀಕ್ಷೆಗಳು ಮುಗಿದ ಮೇಲೆ ಡಾಕ್ಟರ್ ಅರುಂಧತಿ ಇಬ್ಬರನ್ನೂ ಕೂರಿಸಿಕೊಂಡು ಮರಿತಾಯಮ್ಮನ ಕಡೆ ತಿರುಗಿದರು. "ನಿಮ್ಮ ಶ್ವಾಸಕೋಶ ಹಾಳಾಗಿದೆಯಮ್ಮ. ಕಿಡ್ನಿಯೂ ಸವೆದಿದೆ. ವಯಸ್ಸು ಐವತ್ತು, ಮೈಗೆ ಎಪ್ಪತ್ತು. ತೆಗೆಯೋಕಾಗಲ್ಲ."

"ನಾವಿಬ್ರೂ ಒಂದೇ ಅಲ್ವಾ ಡಾಕ್ಟ್ರಮ್ಮ?" ಮರಿತಾಯಮ್ಮ ಕೇಳಿದಳು.

"ಹುಟ್ಟಿದಾಗ ಒಂದೇ. ಮೈಯೊಳಗಿನ ಬರಹ ಈಗಲೂ ಒಂದೇ. ಆದರೆ ಅದರಲ್ಲಿ ಯಾವ ಸಾಲನ್ನ ಮೈ ಓದಬೇಕು, ಯಾವುದನ್ನ ಬಿಡಬೇಕು ಅನ್ನೋದನ್ನ ಉಸಿರಾಡೋ ಹೊಗೆ ಕೂಡ ಬದಲಾಯಿಸುತ್ತೆ."

ಮರಿತಾಯಮ್ಮ ಯೋಚಿಸಿದಳು. "ಕಬ್ಬಿನಾಲು ಒಂದೇ, ಉರಿ ಬ್ಯಾರೆ ಅನ್ನಿ. ಉರಿ ಕೆಟ್ರೆ ಬೆಲ್ಲ ಕರ್ರಗಾಯ್ತದೆ."

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಪಕ್ಕವೇ ಕೂತರು. ಮಲ್ಲಿಗಮ್ಮ ಕಿಟಕಿಯಾಚೆ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಿಡ್ನಿ ಇಲ್ದಿದ್ರೂ ಮನೆಗೆ ಬಂದ್ಬುಡಕ್ಕ ಎಂದಾಳೆಂದು ಮರಿತಾಯಮ್ಮ ಕಾದಳು. ತಾನೇ ಕೇಳೋಣವೆಂದರೆ, ಕೊಡಲು ಏನೂ ಇಲ್ಲದವಳು ಏನೆಂದು ಕೇಳುವುದು? ಗೆಜ್ಜಲಗೆರೆ ದಾಟಿತು. ಮದ್ದೂರು ಬಂತು.

"ಉಸಾರು ಕಣಕ್ಕ. ಇನ್ನು ಒಲೆ ತಾವ ಓಗ್ಬ್ಯಾಡ," ಎಂದಳು ಮಲ್ಲಿಗಮ್ಮ.

"ಊಂ ಕಣೆ. ನೀ ನೀರು ಜಾಸ್ತಿ ಕುಡೀಬ್ಯಾಡ."

ಮರಿತಾಯಮ್ಮ ಸೀರೆಗಂಟು ಹಿಡಿದು ಇಳಿದಳು. ಬಸ್ಸು ತಂಗಿಯನ್ನು ಹೊತ್ತು ಮಳವಳ್ಳಿಯ ಕಡೆ ತಿರುಗಿತು. ತಂಗಿಗೆ ಕಿಡ್ನಿ ಸಿಗಲಿಲ್ಲ. ಅಕ್ಕನಿಗೆ ಬೆಳಿಗ್ಗೆ ಹೋಗಲೊಂದು ಮನೆಯಿತ್ತು, ಸಂಜೆಗೆ ಅದೂ ಇರಲಿಲ್ಲ.