ಬೀಜಕ್ಕೆ ಬಿಟ್ಟ ಏಳು ಸೌತೆಕಾಯಿ

ಸೈದಾ ಬೀ ನನಗೆ ಹೇಳಿದ್ದು ಒಂದೇ ಮಾತು. ಅದಕ್ಕೆ ನಾನು ಗೋಣು ಹಾಕಿದೆ. ಆಮೇಲೆ ನಾನೇ ಹೋಗಿ, ಮಾಡಬೇಡ ಅಂದದ್ದನ್ನೇ ಮಾಡಿ ಬಂದೆ. ನಡೆದದ್ದು ಇಷ್ಟೇ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಹರಪನಹಳ್ಳಿಯಲ್ಲಿ ನಮ್ಮದೊಂದು ಭಾನುವಾರದ ಬಳಗ ಇದೆ. ರಿಟೈರ್ಡ್ ಮೇಷ್ಟ್ರು ವೀರಭದ್ರಯ್ಯನವರು ಕಟ್ಟಿದ್ದು. ಕೀಳಿಸಿದರೆ ಕೂಲಿ ಕೂಡ ಹುಟ್ಟುವುದಿಲ್ಲ ಅಂತ ಕೆಲವರು ಬೆಳೆಯನ್ನು ಹೊಲದಲ್ಲೇ ಬಿಟ್ಟುಬಿಡುತ್ತಾರಲ್ಲ, ಅಂಥ ಕಡೆ ನಾವು ಹತ್ತು ಹನ್ನೆರಡು ಜನ ಹೋಗಿ ಪುಕ್ಕಟೆ ಕಿತ್ತು ತಂದು 'ಅನ್ನದ ಬ್ಯಾಂಕಿ'ಗೆ ಹಾಕುತ್ತೇವೆ. ಬ್ಯಾಂಕು ಅಂದರೆ ಒಂದು ಹಳೇ ಗೋದಾಮು, ಒಂದು ತಕ್ಕಡಿ, ಇಪ್ಪತ್ತು ಪ್ಲಾಸ್ಟಿಕ್ ಕ್ರೇಟು. ಅಲ್ಲಿಂದ ಹಾಸ್ಟೆಲ್ಲುಗಳಿಗೆ, ಕೈಲಾಗದ ಮುದುಕರ ಮನೆಗಳಿಗೆ ತರಕಾರಿ ಹೋಗುತ್ತದೆ. ಬಳಗದವರೆಲ್ಲ ತಿಂಗಳ ಸಂಬಳದವರು. ಅರ್ಧ ಜನರ ಅಪ್ಪ-ಅವ್ವ ಇದೇ ಹೊಲಗಳಲ್ಲಿ ಕೂಲಿಗೆ ಕಿತ್ತವರು. ನಾವು ಪುಕ್ಕಟೆ ಕಿತ್ತು ಫೋಟೋ ಹಾಕುತ್ತೇವೆ. ಇದಕ್ಕೆ ಜೀವನದಲ್ಲಿ ಮುಂದೆ ಬರುವುದು ಅನ್ನುತ್ತಾರೆ.

ನಾನು ಸೇರಿದ್ದು ಪುಣ್ಯದ ಆಸೆಗಲ್ಲ. ನಮ್ಮವ್ವ ಹುಲುಗಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ವಾರವನ್ನೆಲ್ಲ ಕಚೇರಿ ನುಂಗುತ್ತಿತ್ತು, ಭಾನುವಾರ ನನ್ನನ್ನು ನುಂಗುತ್ತಿತ್ತು. ಪುಣ್ಯಾನುಮೋದನೆಯ ದಿನ ಬಂದ ನೆಂಟರೆಲ್ಲ ಅತ್ತರು. ನಾನು ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ ಇಟ್ಟೆ. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ಇರುತ್ತದಲ್ಲ, ಮುಟ್ಟಿದರೆ ನಮ್ಮದು ಅನ್ನಿಸುವುದಿಲ್ಲ, ಹಾಗಿದ್ದೆ. ಯಾರೇನೇ ಹೇಳಿದರೂ ಕೇಳಿಸುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಗೋಣು ಮಾತ್ರ ತಾನೇ ತಾನಾಗಿ ಆಡುತ್ತಿತ್ತು.

ಜೂನ್ ಮೊದಲ ಭಾನುವಾರ ತೆಲಿಗಿಗೆ ಹೋದೆವು. ಊರಾಚೆ ಸೈದಾ ಬೀ ಅವರದು ಅರ್ಧ ಎಕರೆ ಸೌತೆ. ಅವರ ಗಂಡ ಮಕ್ತುಂ ಸಾಬ್ ಪಂಪ್‌ಸೆಟ್ ರಿಪೇರಿ ಮಾಡಿಕೊಂಡೇ ಆ ತುಂಡು ಹೊಲ ನೋಡಿಕೊಂಡಿದ್ದವರು, ಹೋದ ವರ್ಷ ತೀರಿಹೋದರು. ಈಕೆ ಹೊಲವನ್ನು ಮೆಕ್ಕೆಜೋಳ ಹಾಕುವವರಿಗೆ ಗುತ್ತಿಗೆ ಕೊಟ್ಟು, ಕೊಟ್ಟೂರಿಗೆ ಮಗಳ ಮನೆಗೆ ಹೊರಟಿದ್ದರು. ತಿಂಗಳ ಕೊನೆಗೆ ಟ್ರ್ಯಾಕ್ಟರ್ ಬರುವುದಿತ್ತು. ಕಾಯಿ ಹೊತ್ತು ಸಂತೆಗೆ ಹೋಗಲು ಆಳಿಲ್ಲ, ಬಳ್ಳಿ ಆಗಲೇ ಒಣಗುತ್ತಿತ್ತು, ಹೂ ನಿಂತುಹೋಗಿತ್ತು. ಅದಕ್ಕೇ ಮೇಷ್ಟ್ರಿಗೆ ಫೋನು ಮಾಡಿ ಬಂದು ಒಯ್ಯಿರಿ ಅಂದಿದ್ದರು.

ವ್ಯಾನಿನಿಂದ ಮೊದಲು ಇಳಿದವಳು ನಾನು. ಮೇಷ್ಟ್ರು ಫೋನಿನಲ್ಲಿದ್ದರು. ಸೈದಾ ಬೀ ಬದುವಿನ ಮೇಲೆ ನಿಂತು ನನ್ನನ್ನು ಹತ್ತಿರ ಕರೆದರು.

"ಬೇಟಿ, ಇಲ್ಲಿ ಕೇಳು. ಆ ಮೂಡಣ ಮೂಲ್ಯಾಗ ಏಳು ಕಾಯಿಗೆ ಬಟ್ಟಿ ಕಟ್ಟೀನಿ. ಬೀಜಕ್ಕ ಬಿಟ್ಟಾವು. ಮೂವತ್ತು ವರ್ಷದಿಂದ ನಮ್ಮನಿಯವರು ಹಿಡಕಂಡು ಬಂದ ಜವಾರಿ ಬೀಜ ಅದು. ಡಬ್ಬಿ ಖಾಲಿ ಐತಿ, ಇದ್ದದ್ದೆಲ್ಲ ಈ ಸರ್ತಿ ಹಾಕೀನಿ. ಆ ಏಳಕ್ಕ ಕೈ ಹಚ್ಚಬ್ಯಾಡ್ರಿ, ಉಳಕಿದ್ದೆಲ್ಲ ಒಯ್ಯಿರಿ. ಎಲ್ಲಾರಿಗೂ ಹೇಳು."

ನಾನು ಗೋಣು ಹಾಕಿದೆ. ಅವರು ನಮಗೆ ಚಹಾ ಮಾಡಿ ತರುತ್ತೇನೆಂದು ಮನೆ ಕಡೆ ಹೋದರು. ನಾನು ಕ್ರೇಟು ತೆಗೆದುಕೊಂಡು ಮೂಡಣ ಮೂಲೆಗೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ.

ಸಣ್ಣವಳಿದ್ದಾಗ ರಜೆಯಲ್ಲಿ ಅವ್ವ ನನ್ನನ್ನು ಕೂಲಿಗೆ ಕರೆದೊಯ್ಯುತ್ತಿದ್ದಳು. ಸಾಲಿನಲ್ಲಿ ಒಂದು ಕಾಯಿ ಉಳಿದರೂ ಹೊಲದವರು ಕೂಲಿ ಮುರಿಯುತ್ತಿದ್ದರು. ಅದಕ್ಕೇ ಅವ್ವ ನನ್ನ ಸಾಲನ್ನು ತಾನೊಮ್ಮೆ ತಿರುಗಿ ನೋಡಿ, ಉಳಿದದ್ದು ಸಿಕ್ಕರೆ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು. ನಮಗೆ ಹೊಲ ಇರಲಿಲ್ಲ. ಕೀಳುವುದು ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ.

ಏಳು ಕಾಯಿಯೂ ಎಲೆಯ ಮರೆಯಲ್ಲಿದ್ದವು. ಹೊಲದಲ್ಲೇ ದೊಡ್ಡವು, ಹಳದಿ ತಿರುಗುತ್ತಿದ್ದವು. ತೊಟ್ಟಿಗೆ ನೀಲಿ ಚೌಕಳಿ ಲುಂಗಿಯ ಚಿಂದಿಯನ್ನು ಎರಡು ಸುತ್ತು ಸುತ್ತಿ, ಬಿಗಿಯಾಗದ ಹಾಗೆ ಗಂಟು ಹಾಕಿದ್ದರು. ಚೆನ್ನಾಗಿ ಕಟ್ಟಿದ್ದಾರೆ ಅಂದುಕೊಂಡೆ. ಬಟ್ಟೆ ಹರಿಯದ ಹಾಗೆ ಉಗುರಿನಿಂದ ಒಂದೊಂದೇ ಗಂಟು ಬಿಚ್ಚಿ, ಕಾಯಿ ಕಿತ್ತು ಕ್ರೇಟಿಗೆ ಹಾಕಿದೆ. ಕಣ್ಣು ನೋಡುತ್ತಿತ್ತು, ಕೈ ಮಾಡುತ್ತಿತ್ತು, ನಡುವೆ ಇರಬೇಕಾದವಳು ಎಲ್ಲಿಗೆ ಹೋಗಿದ್ದಳೋ.

"ಪ್ರಿಯಾ ಮೇಡಂ ಸಾಲು ನೋಡ್ರಿ," ಅಂದರು ಮೇಷ್ಟ್ರು ಎಲ್ಲರಿಗೂ ಕೇಳುವಂತೆ. "ಒಂದು ಕಾಯಿ ಉಳಿದಿಲ್ಲ. ಕಿತ್ರೆ ಹಿಂಗೆ ಕೀಳಬೇಕು."

ಚಹಾ ಕುಡಿದು, ಫೋಟೋ ತೆಗೆಸಿಕೊಂಡು ಬಂದೆವು. ಸೈದಾ ಬೀ ಕೂಡ ಫೋಟೋದಲ್ಲಿದ್ದಾರೆ, ನನ್ನ ಪಕ್ಕದಲ್ಲೇ.

ಸೋಮವಾರ ಹನ್ನೊಂದಕ್ಕೆ ಕಚೇರಿಯಲ್ಲಿದ್ದಾಗ ಮೇಷ್ಟ್ರ ಫೋನು ಬಂತು. ದನಿ ಇಳಿದಿತ್ತು.

"ಮೇಡಂ, ತೆಲಿಗಿಯ ಆ ಅಮ್ಮ ಫೋನ್ ಮಾಡಿದ್ರು. ಬೀಜಕ್ಕೆ ಬಿಟ್ಟಿದ್ದ ಕಾಯಿ ಯಾರೋ ಕಿತ್ತಾರಂತೆ. ಬಟ್ಟೆ ಎಲ್ಲಾ ಬಿಚ್ಚಿ ಬದುವಿನ ಮೇಲೆ ಸಾಲಾಗಿ ಇಟ್ಟಾರಂತೆ. ಎತ್ತರದ ಹೆಣ್ಣುಮಗಳಿಗೆ ಹೇಳಿದ್ದೆ ಅಂತಾರೆ. ಸುಜಾತಾ ಇರ್ಬೇಕಾ?"

ಆಗ ಆ ಮಾತು ಒಳಗೆ ಇಳಿಯಿತು. ಬೇಟಿ, ಇಲ್ಲಿ ಕೇಳು ಅನ್ನುವಲ್ಲಿಂದ ಹಿಡಿದು ಒಂದಕ್ಷರ ಬಿಡದೆ. ಒಂದು ದಿನ ತಡವಾಗಿ ಬಂತು, ಅಂಚೆಯ ಹಾಗೆ. ನನಗೆ ಹೆದರಿಕೆ ಆಯಿತು. ನಾಲ್ಕು ತಿಂಗಳಲ್ಲಿ ನನಗೆ ಏನಾದರೂ ಆಯಿತು ಅಂತ ಇದ್ದರೆ ಅದೇ ಮೊದಲು. ನಮ್ಮ ಬಳಗದ ಸುಜಾತಾ ನನಗಿಂತ ಒಂದಿಂಚು ಎತ್ತರ. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ಲ ಸರ್. ನನಗೇ ಹೇಳಿದ್ದು. ನಾನೇ ಕಿತ್ತದ್ದು."

ಮೇಷ್ಟ್ರು, ಸೌತೆ ಎಲ್ಲ ನಿನ್ನೆಯೇ ಹುಡುಗಿಯರ ಹಾಸ್ಟೆಲ್ಲಿಗೆ ಹೋಗಿದೆ ಅಂದರು. ಅರ್ಧ ದಿನ ರಜೆ ಬರೆದುಕೊಟ್ಟು ಹೋದೆ.

ಹಾಸ್ಟೆಲ್ಲಿನ ಅಡಿಗೆಯಾಕೆ ಅಂಜಿನಕ್ಕ ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು. ಹುಳಿ ಘಮ್ಮೆಂದಿತ್ತು.

"ಹಳದಿ ತಿರುಗಿದ್ವಲ್ಲ, ಅವನ್ನ ಹುಳಿಗೆ ಹಾಕೀನಿ," ಅಂದಳು. "ಎಳೀವು ನಾಳಿಗೆ. ಯಾಕ್ರೀ?"

"ಅದರ ಬೀಜ, ತಿರುಳು?"

"ತಿರುಳು ಯಾರ್ ತಿಂತಾರ? ಹಿಂದ ಬಕೀಟಿನ್ಯಾಗ ಐತಿ. ಸಂಜೀಕ ಎಮ್ಮಿಯವರು ಬಂದು ಒಯ್ತಾರ."

ಹಿತ್ತಲಿನಲ್ಲಿ ಎರಡು ದೊಡ್ಡ ಬಕೆಟ್ ಇದ್ದವು. ಒಂದರಲ್ಲಿ ಸಿಪ್ಪೆ, ತಿರುಳು, ಅದರ ಮೇಲೆ ಅನ್ನ ಬಸಿದ ಗಂಜಿ. ಗಂಜಿ ಇನ್ನೂ ಬೆಚ್ಚಗಿತ್ತು. ಸೀರೆಯ ಸೆರಗು ಸಿಕ್ಕಿಸಿ ಮೊಣಕೈವರೆಗೆ ಕೈ ಇಳಿಸಿದೆ. ಹುಣಸೆ ಚರಟ, ಈರುಳ್ಳಿ ಸಿಪ್ಪೆ, ಬೆಳಗಿನ ಉಪ್ಪಿಟ್ಟು. ಸೌತೆಯ ತಿರುಳು ಬೆರಳಿಗೆ ಸಿಕ್ಕುತ್ತಿತ್ತು, ಜಾರುತ್ತಿತ್ತು. ಅಂಜಿನಕ್ಕ ಬಾಗಿಲಿಗೆ ಬಂದು ನಿಂತಳು.

"ಬಂಗಾರ ಗಿಂಗಾರ ಬಿದ್ದೈತೇನ್ರೀ?"

"ಇಲ್ಲಕ್ಕ. ಬೀಜ."

"ಸೌತಿ ಬೀಜ ಅಂಗಡ್ಯಾಗ ಪ್ಯಾಕೆಟ್ ಸಿಗ್ತಾವಲ್ಲ," ಅಂದಳು. ನನ್ನ ಮುಖ ನೋಡಿ ಒಳಗೆ ಹೋಗಿ ಚಹಾದ ಜರಡಿ ತಂದುಕೊಟ್ಟಳು. ಬಿಸಿ ಗಂಜಿ ಸುರಿಯುವಾಗ ತನಗೇನು ಗೊತ್ತಿತ್ತು ಅಂತ ಎರಡು ಸಲ ಹೇಳಿದಳು. ಅವಳದೇನು ತಪ್ಪು? ನಾನು ಒಂದೂವರೆ ತಾಸು ಕೂತು ಬೀಜ ಆರಿಸಿ, ತೊಳೆದು, ನನ್ನ ಟಿಫಿನ್ ಡಬ್ಬಿಗೆ ಹಾಕಿಕೊಂಡೆ. ಡಬ್ಬಿಯ ಅರ್ಧ ಆಯಿತು. ಇಷ್ಟು ಸಿಕ್ಕಿತಲ್ಲ ಅಂತ ಸಮಾಧಾನವೂ ಆಯಿತು. ನನ್ನ ದಡ್ಡತನಕ್ಕೆ ಲೆಕ್ಕವಿಲ್ಲ.

ತೆಲಿಗಿಯಲ್ಲಿ ಬಸ್ಸಿಳಿದಾಗ ನಾಲ್ಕೂವರೆ. ಸೈದಾ ಬೀ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಟ್ಟಿಟ್ಟ ಪಾತ್ರೆಗಳ ಚೀಲ. ಬಾ ಅನ್ನಲಿಲ್ಲ. ನಾನು ಡಬ್ಬಿ ತೆರೆದು ಮುಂದಿಟ್ಟೆ, ಎಲ್ಲಿಂದ ತಂದೆ ಅನ್ನುವುದನ್ನೂ ಹೇಳಿದೆ. ಅವರು ಎದ್ದು ಹೋಗಿ ಒಂದು ಸ್ಟೀಲ್ ಬೋಗುಣಿಯಲ್ಲಿ ನೀರು ತಂದು ಬೀಜವನ್ನೆಲ್ಲ ಅದಕ್ಕೆ ಸುರಿದರು.

"ಗಟ್ಟಿ ಬೀಜ ಮುಳುಗ್ತಾವು, ಜೊಳ್ಳು ತೇಲ್ತಾವು," ಅಂದರು. "ನೋಡು."

ನೋಡಿದೆ. ಅವರು ಬೆರಳಾಡಿಸಿ ಬಿಟ್ಟರು. ಹೆಚ್ಚುಕಡಿಮೆ ಬೀಜ ಎಲ್ಲ ಮೇಲೆ ಬಂದು ಒಂದಕ್ಕೊಂದು ಅಂಟಿಕೊಂಡು ನಿಂತವು. ಇನ್ನು ಹದಿನೈದು ದಿನ ಬಳ್ಳಿಯ ಮೇಲೆ ಇರಬೇಕಿತ್ತು ಅವು. ಅವರು ತೇಲಿದ್ದನ್ನು ನೀರಿನ ಸಮೇತ ಅಂಗಳಕ್ಕೆ ಚೆಲ್ಲಿದರು. ಕೋಳಿಗಳು ಓಡಿ ಬಂದವು. ಬೋಗುಣಿಯ ತಳದಲ್ಲಿ ಹನ್ನೊಂದು ಬೀಜ ಉಳಿದಿತ್ತು.

"ಇವೂ ಗಂಜ್ಯಾಗ ಬೆಂದಾವೋ ಏನೋ. ಊರಿದ ಮ್ಯಾಲ ಗೊತ್ತಾಗೋದು."

ನನಗೆ ನನ್ನ ಮೇಲೇ ಹೇಸಿಗೆ ಬಂತು. ತಪ್ಪಾಯಿತು ಅಂದೆ. ಆ ಮಾತು ನನಗೇ ಹಗುರ ಅನ್ನಿಸಿತು.

"ನೀ ಗೋಣು ಹಾಕಿದ್ದಿಯಲ್ಲ," ಅಂದರು ಸೈದಾ ಬೀ. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ. "ನಾ ನೋಡೀನಿ. ಕೇಳಿಸಲಿಲ್ಲೇನು?"

"ಕೇಳಿಸ್ತು. ಒಳಗ ಇಳೀಲಿಲ್ಲ. ನಮ್ಮವ್ವ ತೀರಿಕೊಂಡಾಗಿಂದ ಹಿಂಗ ಆಗೈತಿ."

"ಹಂಗಿದ್ರ ನನ್ನ ಹೊಲಕ್ಕ ಯಾಕ ಬಂದಿ?"

ಮನೆಯಲ್ಲಿ ಕೂರಲಾಗದೆ ಬಂದೆ, ಹಸಿದವರ ಹೆಸರು ಹೇಳಿಕೊಂಡು ಬಂದೆ, ನಿಮ್ಮ ಹೊಲದ ಮೇಲೆ ನನ್ನ ಭಾನುವಾರ ಕಳೆದೆ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ನಮ್ಮವ್ವಗೂ ಹಿಂಗ ಗೋಣು ಹಾಕಿದ್ದೆ, ಅಮ್ಮಾ. ಆಸ್ಪತ್ರ್ಯಾಗ, ಕಡೀ ದಿನ ಮಧ್ಯಾಹ್ನ. ಆಕಿ ಕೈ ಹಿಡಕಂಡು ಏನೋ ಹೇಳಿದ್ಲು. ಮೂರ್ನಾಕು ಮಾತು. ನಾನು ಕಚೇರಿಯವರಿಗೆ ರಜಾದ ಮೆಸೇಜ್ ಬರಿತಿದ್ದೆ. ಹೂಂ ಅವ್ವ ಅಂದೆ. ಆಕಿ ಸಮಾಧಾನ ಆಗಿ ಕಣ್ಣು ಮುಚ್ಚಿದ್ಲು. ಸಂಜೀಕ ಹೋಗಿಬಿಟ್ಲು. ಏನ್ ಹೇಳಿದ್ಲೋ ನನಗ ಗೊತ್ತಿಲ್ಲ. ಎಷ್ಟ್ ನೆನಸಿಕೊಂಡ್ರೂ ಬರಂಗಿಲ್ಲ. ಹೂಂ ಅಂದದ್ದಷ್ಟೇ ನೆನಪೈತಿ."

ಸೈದಾ ಬೀ ಹೋಗಲಿ ಬಿಡು ಅನ್ನಲಿಲ್ಲ, ಬೆನ್ನು ಸವರಲಿಲ್ಲ. ಅನ್ನದಿದ್ದದ್ದೇ ಒಳ್ಳೆಯದಾಯಿತು. ಬೋಗುಣಿಯ ತಳದಿಂದ ಬೀಜಗಳನ್ನು ಒಂದೊಂದೇ ತೆಗೆದು ಸೆರಗಿಗೆ ಒರೆಸಿ, ಏಳನ್ನು ತಾವಿಟ್ಟುಕೊಂಡು ನಾಲ್ಕನ್ನು ನನ್ನ ಅಂಗೈಗೆ ಹಾಕಿದರು.

"ಬೀಜ ಒಂದ ಮನ್ಯಾಗ ಇಡಬಾರದು ಅಂತಿದ್ರು ನಮ್ಮನಿಯವರು. ಇಲಿ ಹೊಡೀತೈತಿ, ಹುಳ ಹೊಡೀತೈತಿ. ಮೊದಲು ನಾಕು ಮನಿಗೆ ಕೊಡ್ತಿದ್ರು, ಈಗ ಯಾರೂ ಹಾಕಂಗಿಲ್ಲ. ನಿನ್ನ ಮ್ಯಾಲ ನನಗ ನಂಬಿಕಿ ಇಲ್ಲ. ಬ್ಯಾರೆ ಯಾರೂ ಇಲ್ಲ, ಅದಕ್ಕ ಕೊಡ್ತೀನಿ."

ನಾನು ಗೋಣು ಹಾಕಹೋಗಿ ನಿಲ್ಲಿಸಿಕೊಂಡೆ.

"ಈಗ ಕೇಳು. ಎಂಟು ದಿನ ನೆರಳಾಗ ಒಣಗಿಸು, ಬಿಸಿಲಿಗೆ ಹಾಕಬ್ಯಾಡ. ಆಮ್ಯಾಲ ಒಲಿ ಬೂದ್ಯಾಗ ಕಲಸಿ, ಹತ್ತಿ ಬಟ್ಟ್ಯಾಗ ಗಂಟು ಕಟ್ಟಿ ತೂಗಿ ಹಾಕು, ನೆಲಕ್ಕ ಇಡಬ್ಯಾಡ. ಸಂಕ್ರಮಣ ದಾಟಿದ ಮ್ಯಾಲ ಊರು. ಒಂದು ಕುಣಿಗೆ ಒಂದ ಬೀಜ. ಬೀಜದ ಚೂಪು ಮೂತಿ ಕೆಳಗ ಇರಬೇಕು." ಅಲ್ಲಿಗೆ ನಿಲ್ಲಿಸಿ ನನ್ನನ್ನೇ ನೋಡಿದರು. "ಹೇಳು ನೋಡೋಣ, ನಾ ಏನ್ ಹೇಳಿದೆ?"

ಶಾಲೆಯ ಮಗುವಿನ ಹಾಗೆ ಹೇಳತೊಡಗಿದೆ. ಎಂಟು ದಿನ, ನೆರಳು. ಬೂದಿ. ಹತ್ತಿ ಬಟ್ಟೆ. ಸಂಕ್ರಮಣ. ಅಷ್ಟಕ್ಕೆ ನಿಂತೆ.

"ಮೂತಿ ಎತ್ತಾಗ?"

"ಕೆಳಗ."

"ನೆಲಕ್ಕ ಇಡಬ್ಯಾಡ ಅಂದಿದ್ದು ಬಿಟ್ಟಿ. ಮೊದಲಿಂದ ಹೇಳು."

ಮೊದಲಿಂದ ಹೇಳಿದೆ. ಈ ಸಲ ನೆಲದ ಮಾತನ್ನೂ ಬಿಡಲಿಲ್ಲ. ಸೈದಾ ಬೀ ಗೋಣು ಹಾಕಲಿಲ್ಲ, ಹೂಂ ಅನ್ನಲಿಲ್ಲ. ನನ್ನ ಕೊನೆಯ ಮಾತು ಮುಗಿಯುವವರೆಗೆ ನನ್ನ ಬಾಯನ್ನೇ ನೋಡುತ್ತ ಕೂತಿದ್ದರು.