ತೊಳೆಯದ ಮೂಸೆ

ಪ್ರಯೋಗಾಲಯದಲ್ಲಿ ಪಾತ್ರೆ ತೊಳೆಯುವುದು ನನ್ನ ಕೆಲಸ. ಮೂವತ್ತೊಂದು ವರ್ಷವಾಯಿತು. ಓದಿದ್ದು ಮೂರನೆಯ ತರಗತಿ. ಆದರೆ ಯಾವ ಬಟ್ಟಲಿನ ಅಂಚು ಯಾರ ಕೈಯಲ್ಲಿ ಮುಕ್ಕಾಯಿತು ಎನ್ನುವುದೂ ನೆನಪಿದೆ. ಆ ನೆನಪೇ ಈಗ ಕುತ್ತಿಗೆಗೆ ಬಂದಿತ್ತು.

ಅಲ್ಲಿ ಸಂಶೋಧನೆ ಮಾಡುವ ಹುಡುಗಿ ನನ್ನನ್ನು ತಾತ ಎನ್ನುತ್ತಾಳೆ. ಅವಳದು ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಗೋಡೆಯ ಬಣ್ಣಕ್ಕೆ ಬೆರೆಸುವಂಥದ್ದೇ, ಆದರೆ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು. ಬಿಸಿಲು ಬಿದ್ದರೆ ನೀರಿನ ಕೊಳೆಯನ್ನು ತಿಂದುಹಾಕುತ್ತದೆ; ಮಾಮೂಲಿ ದೀಪಕ್ಕೆ ಮಾತ್ರ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಹೋದ ವರ್ಷ ಒಂದೇ ಒಂದು ಸಲ ಪುಡಿ ತಿಳಿಹಳದಿಯಾಗಿ ಬಂತು. ದೀಪದಡಿಯಲ್ಲೇ, ಕೊಳೆಯ ಬದಲಿಗೆ ನೀಲಿ ಬಣ್ಣ ಕದಡಿಟ್ಟ ನೀರು ಎರಡು ಗಂಟೆಯಲ್ಲಿ ತಿಳಿಯಾಯಿತು. ಪುಡಿ ಸುಟ್ಟ ಕುಲುಮೆಯ ಶಾಖದ ಹದವೇ ಕಾರಣವೆಂದು ಬರೆದಳು. ಅದು ಅಚ್ಚೂ ಆಯಿತು.

ಈಗ ಪರೀಕ್ಷಕರ ಮುಂದೆ ಅದನ್ನೇ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಪದವಿ ಇಲ್ಲ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹನ್ನೊಂದು ಸಲ ಮಾಡಿದಳು. ಪುಡಿ ಬಿಳಿ, ನೀರು ನೀಲಿ.

“ಇನ್ನೂ ಎಷ್ಟು ದಿನ ನೀರು ನೋಡ್ಕೊಂಡು ಕೂತಿರ್ತೀಯ ಅಂತ ಅಮ್ಮ ಕೇಳ್ತಾಳೆ ತಾತ. ಮೀನು ಸಾಕಿದ್ರೂ ಇಷ್ಟೊತ್ತಿಗೆ ಮರಿ ಹಾಕ್ತಿತ್ತಂತೆ.”

ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ಊದಿತ್ತು. ನನಗೆ ತಡೆಯಲಾಗಲಿಲ್ಲ. ನನಗಿಂತ ಮೊದಲು ಈ ಕೆಲಸದಲ್ಲಿದ್ದವನನ್ನು, ಕೊಳೆ ಪಾತ್ರೆ ಕೊಟ್ಟನೆಂದು ಅದೇ ದಿನ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದು ಗೊತ್ತಿದ್ದೂ ಬಾಯಿಬಿಟ್ಟೆ.

“ಆವತ್ತು ಪುಡಿ ಸುಡೋಕೆ ಕೊಟ್ಟ ಮೂಸೆ ನಾನು ತೊಳ್ದಿರ್ಲಿಲ್ಲ ತಾಯಿ. ಪಕ್ಕದ ಕೋಣೆಯವರು ಅದ್ರಲ್ಲಿ ಯೂರಿಯಾ ಸುಟ್ಟಿದ್ರು. ತಳದಲ್ಲಿ ಹಳದಿ ಹಕ್ಕಳೆ ಹಿಡ್ದಿತ್ತು. ಬೆನ್ನು ನೋವು ಅಂತ ಬರೀ ಬಟ್ಟೇಲಿ ಒರೆಸಿ ಕೊಟ್ಟೆ.”

ಅವಳು ಟಿಪ್ಪಣಿ ಪುಸ್ತಕ ಎಳೆದುಕೊಂಡಳು.

“ಎಷ್ಟಿತ್ತು?”

“ಕೊಳೆನ ಯಾರು ತೂಗ್ತಾರೆ? ಉಗುರಿನಷ್ಟು.”

ಉಗುರಿನಷ್ಟು ಯೂರಿಯಾ ತೂಗಿ ಬೆರೆಸಿ ಸುಟ್ಟಳು. ಮರುದಿನ ಮಧ್ಯಾಹ್ನ ಪುಡಿ ಹಳದಿಯಾಗಿ ಬಂತು. ದೀಪದಡಿ ನೀರಿನ ನೀಲಿ ಕರಗುತ್ತ ಹೋಯಿತು. ಗಾಜಿನ ಬಾಗಿಲಾಚೆಯಿಂದ ಅವಳ ಮೇಷ್ಟ್ರು ನೋಡಿ, ತಲೆದೂಗಿ ಹೋದರು.

ಅವಳು ನಗಲಿಲ್ಲ. “ಶಾಖ ಅಂತ ಬರ್ದೆ ತಾತ, ಕೆಲ್ಸ ಮಾಡಿದ್ದು ಯೂರಿಯಾ. ಈಗ ನಿಜ ಹೇಳಿದ್ರೆ ಅಚ್ಚಾಗಿದ್ದು ಸುಳ್ಳು, ನಿಮ್ಮ ಕೆಲ್ಸಾನೂ ಹೋಗತ್ತೆ. ಹೇಳ್ದಿದ್ರೆ ಪರೀಕ್ಷಕರ ಮುಂದೆ ಕದ್ದು ಬೆರೆಸ್ಬೇಕು.”

ವಿಧಾನ ಬರೆಯುವ ಪುಟ ತೆರೆದು, ಪೆನ್ನು ಹಿಡಿದು ಕೂತಳು.

“ಬಾಗಿಲು ಹಾಕಿ ತಾತ.”

“ನಾನು ಒಳಗಿರ್ಲೋ, ಹೊರಗೋ?”

ಅವಳು ಪೆನ್ನಿನ ಮುಚ್ಚಳ ತೆಗೆದಳು. ಏನು ಬರೆದರೂ ಅದರಲ್ಲಿ ನನ್ನದೂ ಪಾಲಿದೆಯೆಂದು ನಾನು ಒಳಗೇ ನಿಂತು ಬಾಗಿಲು ಹಾಕಿದೆ.